ರಾತ್ರಿ ಡೈಪರ್ ಸೋರಿದರೆ: ಮೊದಲು ಒದ್ದೆ ಜಾಗ, ಆಮೇಲೆ ತಕ್ಕಡಿ

ಬೆಳಗಿನ ಜಾವ ಮಗು ಒದ್ದೆಯಾಗಿ ಎದ್ದರೆ ಮೊದಲು ಹೊಳೆಯುವುದು ಬ್ರ್ಯಾಂಡ್ ಬದಲಿಸೋಣ ಎಂಬ ಯೋಚನೆ. ಅದಕ್ಕೂ ಮುಂಚೆ ನಾನು ಎರಡು ಕೆಲಸ ಮಾಡುತ್ತೇನೆ. ಬಟ್ಟೆ ಬಿಚ್ಚುವ ಮೊದಲೇ ಎಲ್ಲಿ ಒದ್ದೆಯಾಗಿದೆ ಎಂದು ನೋಡುತ್ತೇನೆ: ಹೊಟ್ಟೆಯ ಮೇಲೋ, ತೊಡೆಸಂದಿಯಲ್ಲೋ, ಬೆನ್ನಿನ ಕಡೆಯೋ. ಆಮೇಲೆ ಬಿಚ್ಚಿದ ಡೈಪರನ್ನು ಎಸೆಯದೆ ತೂಕ ಹಾಕುತ್ತೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಸಿಕೊಂಡರೆ ಆಯಿತು. (ಮನೆಯ ಹಿರಿಯರು ಏಳುವ ಮೊದಲೇ ಈ ಕೆಲಸ ಮುಗಿಸುವುದು ಕ್ಷೇಮ.)

ತೂಕದ ಲೆಕ್ಕ ಸುಲಭ. ಒಣ ಡೈಪರಿನ ತೂಕವನ್ನು ಒಮ್ಮೆ ಬರೆದಿಟ್ಟುಕೊಳ್ಳಿ; L ಅಳತೆಯ ಪ್ಯಾಂಟ್ ಡೈಪರ್ ಸುಮಾರು 30–40 ಗ್ರಾಂ ಇರುತ್ತದೆ. ಬೆಳಗಿನ ತೂಕದಿಂದ ಅದನ್ನು ಕಳೆದರೆ ಉಳಿದ ಒಂದೊಂದು ಗ್ರಾಮೂ ಹೆಚ್ಚುಕಡಿಮೆ ಒಂದು ಮಿಲಿಲೀಟರ್ ಉಚ್ಚೆ. ಮೂರು ರಾತ್ರಿಯ ಅಂಕಿ ಇದ್ದರೆ ಸಾಕು. ನೂರು, ನೂರೈವತ್ತು ಗ್ರಾಂ ಮಾತ್ರ ಹೀರಿಕೊಂಡ ಡೈಪರ್ ಸೋರಿದೆ ಎಂದರೆ ಅದು ತುಂಬಿ ಸೋರಿದ್ದಲ್ಲ, ಸರಿಯಾಗಿ ಕೂತಿಲ್ಲ. 300 ಗ್ರಾಂ ದಾಟಿದ ಮೇಲೆ ಸೋರಿದ್ದರೆ ತೊಡಿಸುವ ರೀತಿಯಲ್ಲಿ ಎಷ್ಟೇ ಜಾಗ್ರತೆ ವಹಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಹೀರುವ ಶಕ್ತಿ ಹೆಚ್ಚಿಸಬೇಕು, ಇಲ್ಲವೇ ನಡುವೆ ಒಮ್ಮೆ ಬದಲಿಸಬೇಕು. ಈ ಎರಡರಲ್ಲಿ ತೊಂದರೆ ಯಾವುದು ಎಂದು ತಿಳಿಯದೆ ದೊಡ್ಡ ಅಳತೆ ತರುವುದು, ದುಬಾರಿ ಪ್ಯಾಕ್ ತರುವುದು ಎಲ್ಲ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಮಗು ಒಂದು ವರ್ಷದ್ದಿದ್ದಾಗ ಸೋರದ ಅದೇ ಡೈಪರ್ ಎರಡನೇ ವರ್ಷಕ್ಕೆ ಸೋರಲು ಶುರುವಾಗುವುದೇಕೆ? ಮಕ್ಕಳ ದೇಹದಲ್ಲಿ ಗಂಟೆಗೆ, ಪ್ರತಿ ಕಿಲೋ ತೂಕಕ್ಕೆ ಅಂದಾಜು 1ರಿಂದ 2 ಮಿ.ಲೀ. ಮೂತ್ರ ತಯಾರಾಗುತ್ತದೆ. 12 ಕಿಲೋ ಮಗು ಹತ್ತು ಗಂಟೆ ಮಲಗಿದರೆ 120ರಿಂದ 240 ಮಿ.ಲೀ. ಮಲಗುವ ಮುನ್ನ ಹಾಲು ಕುಡಿದಿದ್ದರೆ ಇನ್ನೂ ಹೆಚ್ಚು. ಆದರೆ ಪ್ರಮಾಣಕ್ಕಿಂತ ಮುಖ್ಯವಾದದ್ದು ಅದು ಬರುವ ರಭಸ. ಮೂತ್ರಕೋಶ ಎಷ್ಟು ಹಿಡಿದುಕೊಳ್ಳಬಲ್ಲದು ಎಂಬುದಕ್ಕೆ ವೈದ್ಯರು ಬಳಸುವ ಒಂದು ಸ್ಥೂಲ ಲೆಕ್ಕವಿದೆ: ವಯಸ್ಸಿಗೆ ಎರಡು ಕೂಡಿಸಿ 30ರಿಂದ ಗುಣಿಸಿ. ಎರಡು ವರ್ಷಕ್ಕೆ 120 ಮಿ.ಲೀ. ಆಯಿತು. ಹಸುಗೂಸು ಚೂರುಚೂರೇ ಒದ್ದೆ ಮಾಡುತ್ತದೆ. ಎರಡು ವರ್ಷದ ಮಗು ಒಂದು ಲೋಟದಷ್ಟನ್ನು ಒಂದೇ ಸಲಕ್ಕೆ ಸುರಿಯುತ್ತದೆ.

ಡೈಪರಿನ ಒಳಗಿರುವುದು ಮರದ ನಾರಿನ ಹತ್ತಿಯಂಥ ತಿರುಳು ಮತ್ತು ಸಕ್ಕರೆಯಂತೆ ಕಾಣುವ ಸೋಡಿಯಂ ಪಾಲಿಅಕ್ರಿಲೇಟ್ ಹರಳುಗಳು. ಶುದ್ಧ ನೀರನ್ನಾದರೆ ಈ ಹರಳು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಮೂತ್ರದಲ್ಲಿ ಉಪ್ಪಿರುವುದರಿಂದ ಅದು 30–50 ಪಟ್ಟಿಗೆ ಇಳಿಯುತ್ತದೆ, ಮೇಲೆ ಮಗುವಿನ ಭಾರ ಬಿದ್ದರೆ ಇನ್ನೂ ಕಡಿಮೆ. ಹೀರುವುದಕ್ಕೆ ಸಮಯವೂ ಬೇಕು. ಮೊದಲ ಸಲ ಬಿದ್ದ ಉಚ್ಚೆಗೆ ಮುಂಭಾಗದ ಹರಳುಗಳು ಉಬ್ಬಿ ಲೋಳೆಯಾಗುತ್ತವೆ. ಆ ಲೋಳೆಯೇ ಅಣೆಕಟ್ಟಿನಂತೆ ನಿಂತು ಎರಡನೇ ಸಲದ್ದು ಹಿಂದಕ್ಕೆ ಹರಿಯದಂತೆ ತಡೆಯುತ್ತದೆ. ಸೋರಿದ ಡೈಪರನ್ನು ಬೆಳಿಗ್ಗೆ ಹಿಸುಕಿ ನೋಡಿ: ಮುಂದೆ ಗೋಣಿಚೀಲದ ಭಾರ, ಹಿಂದೆ ಕಾಗದದಷ್ಟು ಒಣ. ಪ್ಯಾಕೆಟ್ಟಿನ ಮೇಲೆ 12 ಗಂಟೆ ಎಂದು ಬರೆದಿದ್ದರೂ ಅರ್ಧರಾತ್ರಿಗೇ ಸೋರುವುದು ಹೀಗೆ.

ಈಗ ಒದ್ದೆಯಾದ ಜಾಗಕ್ಕೆ ಬರೋಣ.

ಹೊಟ್ಟೆಯ ಮೇಲೆ, ಬನಿಯನ್ನಿನ ಅಂಚಿನಲ್ಲಿ ಒದ್ದೆ ಇದ್ದರೆ ಸಾಮಾನ್ಯವಾಗಿ ಗಂಡುಮಗು, ಅಥವಾ ಬೋರಲು ಮಲಗುವ ಮಗು. ಗಂಡುಮಕ್ಕಳಿಗೆ ಡೈಪರ್ ಹಾಕುವಾಗ ಶಿಶ್ನ ಮೇಲ್ಮುಖವಾಗಿ ಉಳಿದುಬಿಟ್ಟರೆ ಧಾರೆ ಸೀದಾ ಸೊಂಟದ ಪಟ್ಟಿಗೆ ಹೋಗುತ್ತದೆ, ಅಲ್ಲಿ ಹೀರುವ ಪದರವೇ ಇಲ್ಲ. ಕೆಳಮುಖವಾಗಿ ಸರಿಪಡಿಸಿ ಡೈಪರ್ ಏರಿಸಿ. ಮುಂದಿನ ಪಟ್ಟಿ ಹೊಕ್ಕುಳ ಹತ್ತಿರದವರೆಗೆ ಬರಬೇಕು. ಇನ್ನೊಂದು ಸಂಗತಿ ಕಂಪನಿಯ ಸೂಚನೆಗಳಲ್ಲಿ ಇರುವುದಿಲ್ಲ: ಉಡದಾರ. ಅದು ಡೈಪರಿನ ಪಟ್ಟಿಯ ಅಡಿಯಲ್ಲಿ ಸಿಕ್ಕಿಕೊಂಡರೆ ಚರ್ಮಕ್ಕೂ ಪಟ್ಟಿಗೂ ನಡುವೆ ಸಂದು ಬೀಳುತ್ತದೆ, ನೂಲಿನದಾದರೆ ದೀಪದ ಬತ್ತಿಯ ಹಾಗೆ ಉಚ್ಚೆಯನ್ನು ಹೊರಕ್ಕೆ ಎಳೆಯುತ್ತದೆ. ಉಡದಾರವನ್ನು ಪಟ್ಟಿಗಿಂತ ಮೇಲೆ ಸರಿಸಿ. ಬನಿಯನ್ನಿನ ತುದಿ ಒಳಗೆ ಸೇರಿಕೊಂಡರೂ ಇದೇ ಕಥೆ.

ತೊಡೆಸಂದಿಯಿಂದ ಸೋರಿದರೆ ಮಗು ಪಕ್ಕಕ್ಕೆ ಹೊರಳಿ ಮಲಗಿತ್ತು ಎಂದರ್ಥ, ಅಥವಾ ಅಂಚಿನ ನೆರಿಗೆ ಒಳಕ್ಕೆ ಮಡಚಿಕೊಂಡಿತ್ತು. ಡೈಪರಿನ ಕಾಲಿನ ಕಡೆ ಎರಡು ತಡೆಗೋಡೆಗಳಿವೆ. ಒಳಗಿನದು ತೆಳು ಬಟ್ಟೆಯ ನಿಂತ ಗೋಡೆ, ಹೊರಗಿನದು ಎಲಾಸ್ಟಿಕ್ ನೆರಿಗೆ. ಪ್ಯಾಂಟ್ ಡೈಪರನ್ನು ಸರಕ್ಕನೆ ಎಳೆದು ಏರಿಸಿದಾಗ ಇವೆರಡೂ ಒಟ್ಟಿಗೆ ಮಡಚಿ ಕೂರುತ್ತವೆ. ಏರಿಸಿದ ಮೇಲೆ ತೋರುಬೆರಳನ್ನು ಒಂದು ಸುತ್ತು ತೊಡೆಯ ಬುಡದಲ್ಲಿ ಆಡಿಸಿ. ಹೊರನೆರಿಗೆ ಪೂರ್ತಿ ಹೊರಬರಲಿ, ಒಳಗೋಡೆ ತೊಡೆಸಂದಿಯ ಗೆರೆಯಲ್ಲಿ ನಿಲ್ಲಲಿ. ಹತ್ತು ಸೆಕೆಂಡಿನ ಕೆಲಸ, ಬೇರಾವ ಉಪಾಯಕ್ಕಿಂತಲೂ ಹೆಚ್ಚು ರಾತ್ರಿಗಳನ್ನು ಉಳಿಸುವುದು ಇದೇ.

ಬೆನ್ನಿನ ಕಡೆ ಒದ್ದೆಯಾಗುವುದು ಅಂಗಾತ ಮಲಗುವ ಮಕ್ಕಳಲ್ಲಿ, ಹೆಣ್ಣುಮಕ್ಕಳಲ್ಲಿ ತುಸು ಹೆಚ್ಚು. ಹಿಂಭಾಗ ಕೆಳಗೆ ಜಾರಿರುತ್ತದೆ ಅಥವಾ ಅಳತೆ ಚಿಕ್ಕದಾಗಿರುತ್ತದೆ.

ಅಳತೆಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಸಿಗುವ ಬಹುತೇಕ ಪ್ಯಾಂಟ್ ಡೈಪರ್‌ಗಳಲ್ಲಿ L ಎಂದರೆ 9–14 ಕಿಲೋ, XL ಎಂದರೆ 12–17 ಕಿಲೋ. ಅಂದರೆ 12ರಿಂದ 14 ಕಿಲೋ ಮಗುವಿಗೆ ಎರಡೂ ಹೊಂದುತ್ತವೆ. ಹಗಲು L, ರಾತ್ರಿ XL ಎಂಬ ಸೂತ್ರ ದುಂಡುತೊಡೆಯ ಮಕ್ಕಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಸಣಕಲು ತೊಡೆಯ ಮಗುವಿಗೆ ಇದೇ ಉಪಾಯ ತಿರುಗುಬಾಣ: ಕಾಲಿನ ಕಡೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಂದು ಇದ್ದರೆ ಎಷ್ಟು ದೊಡ್ಡ ಡೈಪರ್ ಹಾಕಿದರೂ ಅದು ಖಾಲಿಯೇ ಉಳಿದು ಹಾಸಿಗೆ ತುಂಬುತ್ತದೆ. ಚಿಕ್ಕದಾಗಿದೆ ಎಂಬುದಕ್ಕೆ ಗುರುತು, ಬಿಚ್ಚಿ ಅರ್ಧ ಗಂಟೆಯಾದರೂ ಮಾಸದ ಕೆಂಪು ಗೆರೆ, ಹಿಂದೆ ಅರ್ಧ ಕುಂಡಿ ಹೊರಗೆ ಕಾಣುವುದು. ಸಣಕಲು ಮಕ್ಕಳಿಗೆ ರಾತ್ರಿ ಮಾತ್ರ ಟೇಪ್ ಇರುವ ಡೈಪರ್ ಮೇಲು ಎಂದು ನನ್ನ ಅಭಿಪ್ರಾಯ. ಟೇಪನ್ನು ಸ್ವಲ್ಪ ಕೆಳಮುಖವಾಗಿ ಎಳೆದು ಅಂಟಿಸಿದರೆ ತೊಡೆಯ ಕಡೆ ಬಿಗಿಯಾಗುತ್ತದೆ, ಪ್ಯಾಂಟಿನಲ್ಲಿ ಆ ಹಿಡಿತ ನಮ್ಮ ಕೈಯಲ್ಲಿಲ್ಲ. ಸಣ್ಣ ಅಂಗಡಿಗಳಲ್ಲಿ ಟೇಪ್ ಡೈಪರ್ ದೊಡ್ಡ ಅಳತೆಯಲ್ಲಿ ಸಿಗುವುದು ಅಪರೂಪ, ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ. ಹೊಸ ಅಳತೆಯನ್ನು ಎಂದೂ ದೊಡ್ಡ ಪ್ಯಾಕ್ ಕೊಳ್ಳಬೇಡಿ.

ಮೈಗೆ ಎಣ್ಣೆ ಹಚ್ಚಿ ಮಲಗಿಸುವ ಮನೆಗಳಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ತೊಡೆಸಂದಿಗೆ ಹಚ್ಚಿದ ಕೊಬ್ಬರಿ ಎಣ್ಣೆಯಾಗಲಿ ಪೆಟ್ರೋಲಿಯಂ ಜೆಲ್ಲಿಯಾಗಲಿ ಡೈಪರಿನ ಮೇಲ್ಪದರಕ್ಕೆ ಮೆತ್ತಿಕೊಂಡರೆ ಉಚ್ಚೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿ ಪಕ್ಕಕ್ಕೆ ಓಡುತ್ತದೆ. ಹಚ್ಚಲೇಬೇಕಾದರೆ ತೆಳುವಾಗಿ ಹಚ್ಚಿ, ಚರ್ಮ ಹೀರಲು ಹದಿನೈದು ನಿಮಿಷ ಬಿಟ್ಟು ಒರೆಸಿ ಡೈಪರ್ ಹಾಕಿ. ಬಿಗಿ ಲೆಗ್ಗಿಂಗ್ಸ್ ಕೂಡ ಬೇಡ, ಉಬ್ಬಲು ಜಾಗವಿಲ್ಲದ ಡೈಪರ್ ಹಿಂಡಿದ ಸ್ಪಂಜಿನಂತಾಗುತ್ತದೆ.

ತಕ್ಕಡಿ 300 ಗ್ರಾಂ ದಾಟುತ್ತಿದೆ ಎಂದಾದರೆ ಮೊದಲ ಉಪಾಯ ದೊಡ್ಡವರು ಮಲಗುವ ಹೊತ್ತಿಗೆ, ಹತ್ತೂವರೆ ಹನ್ನೊಂದಕ್ಕೆ, ಒಮ್ಮೆ ಬದಲಿಸುವುದು. ಎಂಟಕ್ಕೆ ಮಲಗಿದ ಮಗು ಆಗ ಗಾಢ ನಿದ್ದೆಯಲ್ಲಿರುತ್ತದೆ. ದೀಪ ಹಾಕಬೇಡಿ, ಬಾತ್‌ರೂಮಿನ ಬೆಳಕು ಸಾಕು. ಹಳೆಯದರ ಎರಡೂ ಪಕ್ಕದ ಹೊಲಿಗೆಯನ್ನು ಹರಿದು ಮುಂಭಾಗ ಮಡಚಿ ಹಿಂದಕ್ಕೆ ಎಳೆಯಿರಿ. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಪ್ಯಾಕೆಟ್ಟಿನಿಂದ ತೆಗೆದ ತಣ್ಣನೆಯ ವೈಪ್ಸ್ ತಾಗಿದರೆ ಮಗು ಎದ್ದೇ ಏಳುತ್ತದೆ. ಹೊಸದನ್ನು ಎರಡೂ ಕಾಲಿಗೆ ಮೊಣಕಾಲಿನವರೆಗೆ ಏರಿಸಿಕೊಂಡು, ಸೊಂಟವನ್ನು ಒಂದೇ ಸಲ ಎತ್ತಿ ಎಳೆಯಿರಿ. ಖರ್ಚು ರಾತ್ರಿಗೆ ಇನ್ನೊಂದು ಡೈಪರ್. ಬೆಡ್‌ಶೀಟ್, ದುಪ್ಪಟಿ, ಮಗುವಿನ ಬಟ್ಟೆ ಒಗೆಯುವುದಕ್ಕೆ ಹೋಲಿಸಿದರೆ ಅಗ್ಗ.

ಅದೂ ಸಾಲದಿದ್ದರೆ ಒಳಗೊಂದು ಹೆಚ್ಚುವರಿ ಪದರ. ಒಂದರ ಮೇಲೊಂದು ಎರಡು ಡೈಪರ್ ಹಾಕುವವರಿದ್ದಾರೆ. ಒಳಗಿನದರ ಹೊರಪದರ ನೀರು ಬಿಡದ ಪ್ಲಾಸ್ಟಿಕ್, ಹಾಗಾಗಿ ಹೊರಗಿನದಕ್ಕೆ ಒಂದು ಹನಿಯೂ ತಲುಪದೆ ಪಕ್ಕದಿಂದ ಸೋರಿದ್ದು ಮಾತ್ರ ಸಿಗುತ್ತದೆ. ಸ್ಯಾನಿಟರಿ ಪ್ಯಾಡ್ ಇಟ್ಟರೂ ಅದೇ ಪ್ಲಾಸ್ಟಿಕ್ ತಳ, ಜೊತೆಗೆ ಕೆಲವಕ್ಕೆ ಸುಗಂಧ ಬೇರೆ. ಬೇಕಾದದ್ದು ತಳದಲ್ಲಿ ಪ್ಲಾಸ್ಟಿಕ್ ಇಲ್ಲದ ಪ್ಯಾಡ್. ಬೂಸ್ಟರ್ ಪ್ಯಾಡ್ ಎಂಬ ಹೆಸರಲ್ಲಿ ಸಿಗುತ್ತದೆ, ಇಲ್ಲವಾದರೆ ಹಳೇ ಕಾಟನ್ ಪಂಚೆಯನ್ನು ಎಂಟು ಪದರ ಮಡಚಿ 9 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದಕ್ಕೆ ಹೊಲಿದುಕೊಳ್ಳಬಹುದು. ಕಾಟನ್ ಒದ್ದೆಯಾಗಿಯೇ ಉಳಿಯುವುದರಿಂದ ಚರ್ಮದ ಕಡೆಗೆ ಅದೇ ಅಳತೆಯ ತೆಳು ಫ್ಲೀಸ್ (ತೇವ ಹಿಡಿದಿಟ್ಟುಕೊಳ್ಳದ ಮೆತ್ತನೆಯ ಸಿಂಥೆಟಿಕ್ ಬಟ್ಟೆ) ತುಂಡು ಹೊಲಿಯಿರಿ. ಪ್ಯಾಡ್ ಎರಡೂ ಒಳಗೋಡೆಗಳ ನಡುವೆಯೇ ಕೂರಬೇಕು; ಗೋಡೆಯ ಮೇಲೆ ಒಂದಿಷ್ಟು ಹತ್ತಿದರೂ ಸೋರಿಕೆಗೆ ನೀವೇ ಸೇತುವೆ ಕಟ್ಟಿಕೊಟ್ಟಂತೆ. ಗಂಡುಮಗುವಿಗೆ ಮುಂದಕ್ಕೆ, ಹೆಣ್ಣುಮಗುವಿಗೆ ನಡುವಿನಿಂದ ಹಿಂದಕ್ಕೆ ಇಡಿ. ಪ್ಯಾಡ್ ಜಾಗ ತಿನ್ನುವುದರಿಂದ ಈಗ ಡೈಪರ್ ಒಂದು ಅಳತೆ ದೊಡ್ಡದಿರಲಿ. ಊರಿಗೆ ಹೋದಾಗ, ಬೇರೆಯವರ ಮನೆಯ ಹಾಸಿಗೆ ಎಂಬ ಅಳುಕಿದ್ದಾಗ, ಬಟ್ಟೆ ಡೈಪರಿನ ಹೊರಕವಚವನ್ನು ಮಾತ್ರ ಮೇಲೆ ತೊಡಿಸುವುದೂ ಉಪಯೋಗಕ್ಕೆ ಬರುತ್ತದೆ. ಗಾಳಿ ಆಡದ ಸೆಕೆಯ ಕೋಣೆಯಲ್ಲಿ ಬೇಡ.

ನೀರು ಕಡಿಮೆ ಕೊಡುವ ದಾರಿಗೆ ಹೋಗಬೇಡಿ. ಹೊತ್ತು ಬದಲಿಸಿದರೆ ಸಾಕು: ಹಾಲು ಹಾಸಿಗೆಯಲ್ಲಿ ಬಾಟಲಿಯಲ್ಲಲ್ಲ, ಊಟದ ಜೊತೆ ಲೋಟದಲ್ಲಿ, ಮಲಗುವುದಕ್ಕೆ ಒಂದು ಗಂಟೆ ಮೊದಲು. ಹಲ್ಲಿಗೂ ಒಳ್ಳೆಯದು. ಕಲ್ಲಂಗಡಿ, ಎಳನೀರು ಮಧ್ಯಾಹ್ನಕ್ಕೆ. ರಾತ್ರಿಯ ತೆಳು ರಾಗಿ ಗಂಜಿಯೂ ನೀರಿನ ಲೆಕ್ಕವೇ, ಅದನ್ನು ಮುದ್ದೆಯ ಹತ್ತಿರಕ್ಕೆ ಗಟ್ಟಿ ಮಾಡಿ. ಡಿಸೆಂಬರ್, ಜನವರಿಯಲ್ಲಿ ಬೆವರು ಕಡಿಮೆಯಾಗಿ ಉಚ್ಚೆ ಹೆಚ್ಚುವುದರಿಂದ ಬೇಸಿಗೆಯಲ್ಲಿ ಸೋರದ ಡೈಪರ್ ಆಗ ಸೋರಬಹುದು.

ಬಟ್ಟೆ ಡೈಪರ್ ಬಳಸುವವರಿಗೆ ತೊಂದರೆ ಮುಕ್ಕಾಲು ಪಾಲು ಒಗೆಯುವುದರಲ್ಲಿ ಇರುತ್ತದೆ. ಕೊಳವೆ ಬಾವಿಯ ಗಡಸು ನೀರಿನ ಸುಣ್ಣ, ಡಿಟರ್ಜೆಂಟಿನ ಶೇಷ, ಘಮಘಮಿಸುವ ಫ್ಯಾಬ್ರಿಕ್ ಕಂಡಿಷನರ್ ಎಲ್ಲ ನೂಲಿನ ಮೇಲೆ ಪದರವಾಗಿ ಕೂರುತ್ತವೆ. ಒಣ ಪ್ಯಾಡಿನ ಮೇಲೆ ಒಂದು ಚಮಚ ನೀರು ಹಾಕಿ. ಮುತ್ತಿನಂತೆ ನಿಂತರೆ ಪದರ ಕಟ್ಟಿದೆ. ಒಳಪ್ಯಾಡುಗಳನ್ನು ಮಾತ್ರ ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಹಾಕಿ ಒಂದೆರಡು ಗಂಟೆ ನೆನೆಸಿ, ನೊರೆ ನಿಲ್ಲುವವರೆಗೆ ಜಾಲಿಸಿ. ಹೊರಕವಚಕ್ಕೆ ಈ ಶಾಖ ಬೇಡ, ಅದರ ಪ್ಲಾಸ್ಟಿಕ್ ಪೊರೆ ಬಿಟ್ಟುಕೊಳ್ಳುತ್ತದೆ. ಹೊಸ ಕಾಟನ್, ಬಿದಿರು, ಸೆಣಬಿನ ಜಾತಿಯ ಪ್ಯಾಡುಗಳು ನಾಲ್ಕೈದು ಸಲ ಒಗೆದು ಒಣಗಿಸಿದ ಮೇಲೆಯೇ ಪೂರ್ತಿ ಹೀರುವುದು. ಮೈಕ್ರೋಫೈಬರ್ ಬೇಗ ಹೀರುತ್ತದೆ, ಮಗು ಅದರ ಮೇಲೆ ಹೊರಳಿದರೆ ಅಷ್ಟೇ ಬೇಗ ಉಗುಳುತ್ತದೆ. ರಾತ್ರಿಗೆ ಅದು ಮೇಲೆ, ನಿಧಾನವಾಗಿ ಹೀರಿ ಬಿಡದೆ ಹಿಡಿದುಕೊಳ್ಳುವ ಬಿದಿರಿನದು ಕೆಳಗೆ. ಮೈಕ್ರೋಫೈಬರ್ ನೇರ ಚರ್ಮಕ್ಕೆ ತಾಗಬಾರದು, ತೇವವನ್ನೆಲ್ಲ ಎಳೆದು ಚರ್ಮ ಒಡೆಸುತ್ತದೆ.

ಇಷ್ಟೆಲ್ಲ ಮಾಡಿದರೂ ಸೋರುವ ರಾತ್ರಿ ಇದ್ದೇ ಇರುತ್ತದೆ. ಅದಕ್ಕಾಗಿ ಹಾಸಿಗೆಯನ್ನು ಜೋಡಿಜೋಡಿಯಾಗಿ ಹಾಸಿ: ಡ್ರೈ ಶೀಟ್ (ನೀರು ಕೆಳಗಿಳಿಯಲು ಬಿಡದ ಹಾಸು), ಅದರ ಮೇಲೆ ಬೆಡ್‌ಶೀಟ್, ಮತ್ತೆ ಡ್ರೈ ಶೀಟ್, ಮತ್ತೆ ಬೆಡ್‌ಶೀಟ್. ಎರಡು ಗಂಟೆಗೆ ಒದ್ದೆಯಾದರೆ ಮೇಲಿನ ಜೋಡಿಯನ್ನು ಎಳೆದು ಎಸೆದರೆ ಕೆಳಗೆ ಒಣ ಹಾಸಿಗೆ ಸಿದ್ಧ. ಹೊರಳಾಡುವ ಮಗುವಿಗೆ ಡ್ರೈ ಶೀಟನ್ನು ಉದ್ದಕ್ಕಲ್ಲ, ಸೊಂಟದ ನೇರಕ್ಕೆ ಅಡ್ಡವಾಗಿ ಹಾಸಿ. ಬಾಣಂತನದ ರಬ್ಬರ್ ಶೀಟ್ ಇದ್ದರೆ ಕೆಳಗಿನ ಜೋಡಿಗೆ ಬಳಸಿ, ಮೇಲಕ್ಕೆ ಹಾಕಿದರೆ ಬೆನ್ನು ಬೆವರುತ್ತದೆ.

ರಾತ್ರಿಯಿಡೀ ಒದ್ದೆಯಲ್ಲಿದ್ದ ಚರ್ಮ ಕೆಂಪಾಗಿದ್ದರೆ ಬರೀ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಗಾಳಿಗೆ ಬಿಟ್ಟು, ಝಿಂಕ್ ಆಕ್ಸೈಡ್ ಕ್ರೀಮ್ ಹಚ್ಚಿ. ಪೌಡರ್ ಬೇಡ, ಮಗು ಉಸಿರಾಡುವಾಗ ಒಳಗೆ ಹೋಗುತ್ತದೆ. ಸಂದಿಯೊಳಗೂ ಕಡುಗೆಂಪಾಗಿ ಸುತ್ತ ಚಿಕ್ಕ ಚಿಕ್ಕ ಚುಕ್ಕೆಗಳು ಎದ್ದಿದ್ದರೆ ಅದು ಫಂಗಸ್ ಇರಬಹುದು. ಝಿಂಕಿಗೆ ಬಗ್ಗುವುದಿಲ್ಲ, ವೈದ್ಯರ ಮುಲಾಮೇ ಬೇಕು. ಮಗು ಇದ್ದಕ್ಕಿದ್ದಂತೆ ವಿಪರೀತ ನೀರು ಕೇಳುತ್ತಾ, ತುಂಬಾ ಉಚ್ಚೆ ಹೊಯ್ಯುತ್ತಾ, ತೂಕ ಇಳಿಯುತ್ತಿದ್ದರೆ ಅದನ್ನು ಡೈಪರಿನ ತಪ್ಪೆಂದು ಕಾಯಬೇಡಿ. ಸಕ್ಕರೆ ಕಾಯಿಲೆಯ ಲಕ್ಷಣವೂ ಹೀಗೇ ಇರುತ್ತದೆ, ಅಂದೇ ತೋರಿಸಿ. ಉಚ್ಚೆ ಹೊಯ್ಯುವಾಗ ಅಳು, ಜ್ವರ ಇದ್ದರೆ ಸೋಂಕಿನ ಪರೀಕ್ಷೆ ಆಗಬೇಕು. ಮಲಬದ್ಧತೆಯಿದ್ದರೆ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಅದು ಸರಿಹೋದ ಮೇಲೆ ಸೋರುವುದೂ ಕಡಿಮೆಯಾಗಬಹುದು.

ಬಳಸಿದ ಡೈಪರನ್ನು ಬಿಗಿಯಾಗಿ ಸುರುಳಿ ಸುತ್ತಿ ಪೇಪರಿನಲ್ಲಿ ಕಟ್ಟಿ ಕೆಂಪು ಗುರುತು ಹಾಕಿ, ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಬೇರೆಯಾಗಿ ಕೊಡಿ. ಕಮೋಡಿಗೆ ಹಾಕಿದರೆ ಹರಳು ಉಬ್ಬಿ ಪೈಪ್ ಕಟ್ಟಿಕೊಳ್ಳುತ್ತದೆ.

ಹಾಸಿಗೆಗೇ ಇಳಿದುಬಿಟ್ಟಿದ್ದರೆ ಉಜ್ಜಬೇಡಿ, ಉಜ್ಜಿದಷ್ಟೂ ಒಳಗೆ ಹೋಗುತ್ತದೆ. ಹಳೇ ಟವೆಲ್ ಇಟ್ಟು ಮೇಲೆ ನಿಂತು ಒತ್ತಿ, ಒಣ ಭಾಗ ಬದಲಿಸುತ್ತಾ ಹೀರಿಸಿ. ಬಿಳಿ ವಿನೆಗರ್ ಮತ್ತು ನೀರು ಸಮ ಪಾಲು ಬೆರೆಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ. ಹೆಚ್ಚುಕಡಿಮೆ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಏಳೆಂಟು ಗಂಟೆ ಬಿಟ್ಟು ಗುಡಿಸಿ. ಹತ್ತಿಯ ಹಾಸಿಗೆಯಾದರೆ ಎರಡೂ ಮಗ್ಗುಲು ಬಿಸಿಲು ಕಾಣಲಿ. ಫೋಮ್, ಲೇಟೆಕ್ಸ್ ಹಾಸಿಗೆಯನ್ನು ಬಿಸಿಲಿಗೆ ಹಾಕದೆ ಗೋಡೆಗೆ ಒರಗಿಸಿ ಫ್ಯಾನ್ ಹಾಕಿ. ಒಳಗೆ ತೇವ ಉಳಿದಿದ್ದರೆ ಮಧ್ಯಾಹ್ನದ ಸೆಕೆಗೆ ವಾಸನೆ ಮತ್ತೆ ಏಳುತ್ತದೆ. ಆಗ ವಿನೆಗರಿನಿಂದ ಇನ್ನೊಂದು ಸುತ್ತು ಮಾಡಬೇಕಾಗುತ್ತದೆ.