ಮಿಡಾಜೋಲಮ್ ಸಿರಿಂಜಿಗೆ ನಾನು ಲೇಬಲ್ ಹಚ್ಚುವ ರೀತಿ

ನಾನು ಒಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ ಸ್ಟಾಫ್ ನರ್ಸ್. ರೋಗಿಗೆ ಮಂಪರು ಬರಿಸುವ ಮಿಡಾಜೋಲಮ್ ಇಂಜೆಕ್ಷನ್ ನಮ್ಮಲ್ಲಿಗೆ ಎರಡು ತರಹ ಬರುತ್ತದೆ. ಒಂದು 5 ಎಂಎಲ್ ವಯಲ್, ಎಂಎಲ್‌ಗೆ 1 ಎಂಜಿ. ಇನ್ನೊಂದು 1 ಎಂಎಲ್‌ನ ಪುಟ್ಟ ಆಂಪ್ಯೂಲ್, ಅದರಲ್ಲಿ ಎಂಎಲ್‌ಗೆ 5 ಎಂಜಿ. ಲೆಕ್ಕ ಹಾಕಿ ನೋಡಿ, ಎರಡರಲ್ಲೂ ಒಟ್ಟು ಇರುವುದು 5 ಎಂಜಿಯೇ. ಆದರೆ ಸಿರಿಂಜಿಗೆ ಎಳೆದ ಮೇಲೆ 1 ಎಂಎಲ್ ತಳ್ಳಿದರೆ ಒಂದರಲ್ಲಿ 1 ಎಂಜಿ ಹೋಗುತ್ತದೆ, ಇನ್ನೊಂದರಲ್ಲಿ ಐದು ಪಟ್ಟು. ಎರಡೂ ನೀರಿನ ಹಾಗೆ ತಿಳಿಯಾಗಿರುತ್ತವೆ, ಕಣ್ಣಲ್ಲಿ ನೋಡಿದರೆ ಏನೂ ಗೊತ್ತಾಗಲ್ಲ. ಈ ಔಷಧಿ ಜಾಸ್ತಿಯಾದರೆ ಉಸಿರಾಟ ಕುಗ್ಗುತ್ತದೆ, ವಯಸ್ಸಾದವರಿಗೆ ಅಥವಾ ಜೊತೆಗೆ ಫೆಂಟನಿಲ್ ಎಂಬ ಬಲವಾದ ನೋವು ನಿವಾರಕ ಕೊಟ್ಟವರಿಗೆ ಅಪಾಯ ಇನ್ನೂ ಹೆಚ್ಚು.

ಅದಕ್ಕೇ ಎರಡನ್ನೂ ಒಂದೇ ಡ್ರಾಯರಿನಲ್ಲಿ ಇಡಬಾರದು ಅಂತ ಹಟ ಹಿಡಿದು ಬೇರೆ ಮಾಡಿಸಿದೆ. ವಯಲ್, ಆಂಪ್ಯೂಲ್‌ಗಳನ್ನು ಡಬ್ಬಿಯಿಂದ ತೆಗೆದು ಟ್ರೇಗೆ ಸುರಿಯಲು ನಾನು ಬಿಡುವುದಿಲ್ಲ. ಮಿಡಾಜೋಲಮ್‌ಗೆ ಬೆಳಕು ಬೀಳಬಾರದು ಅನ್ನುವುದು ಒಂದು ಕಾರಣ. ಇನ್ನೊಂದು, ಆ ಪುಟ್ಟ ಗಾಜಿನ ಮೇಲೆ ಇರುವೆಯಷ್ಟು ಅಕ್ಷರ, ಡಬ್ಬಿಯ ಮೇಲಾದರೆ ಪ್ರಮಾಣ, ಬ್ಯಾಚ್, ಎಕ್ಸ್‌ಪೈರಿ ಎಲ್ಲಾ ದೊಡ್ಡದಾಗಿ ಓದಬಹುದು. ನಿಯಂತ್ರಿತ ಔಷಧಿ ಅನ್ನುವುದಕ್ಕೆ ಹಾಕುವ ಕೆಂಪು ಬಣ್ಣದ ಎನ್‌ಆರ್‌ಎಕ್ಸ್ ಗುರುತೂ ಕಾಣುತ್ತದೆ. ಇದು ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿ, ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಷೆಡ್ಯೂಲ್ ಎಚ್1ರಲ್ಲೂ ಇದೆ, ಸುಮ್ನೆ ಎಲ್ಲೆಂದರಲ್ಲಿ ಬಿದ್ದಿರುವಂಥದ್ದಲ್ಲ.

ಇನ್ನು ಸಿರಿಂಜ್. ಒಂದು ಸಲಕ್ಕೆ ಒಂದೇ ಔಷಧಿ ಎಳೆಯುತ್ತೇನೆ, ಅದಕ್ಕೆ ಲೇಬಲ್ ಹಚ್ಚಿ ಮುಗಿಯುವವರೆಗೆ ಮುಂದಿನ ಆಂಪ್ಯೂಲ್ ಮುಟ್ಟುವುದಿಲ್ಲ. ಕೇಸ್ ಮೇಲೆ ಕೇಸ್ ಇರುವ ದಿನ ಬೇಕಾದ ಔಷಧಿಗಳನ್ನೆಲ್ಲಾ ಎಳೆದಿಟ್ಟು ಆಮೇಲೆ ಹಚ್ಚೋಣ ಅನ್ನಿಸುವುದು ಸಹಜ, ಆದರೆ ಅಲ್ಲೇ ಅದಲುಬದಲಾಗುವುದು. ಔಷಧಿಯ ಹೆಸರು, ಎಂಎಲ್‌ಗೆ ಎಷ್ಟು ಎಂಜಿ, ಎಳೆದ ಸಮಯ, ನನ್ನ ಸಹಿ ಇಷ್ಟೂ ಬರೆಯುತ್ತೇನೆ. ಸಲೈನ್ ಸೇರಿಸಿದ್ದರೆ ಸೇರಿಸಿದ ಮೇಲಿನ ಪ್ರಮಾಣವನ್ನೇ ಬರೆಯಬೇಕು. ಬರೀ ‘5 ಎಂಜಿ’ ಅಂತ ಬರೆದರೆ ಮೇಲೆ ಹೇಳಿದ ಗೊಂದಲವನ್ನೇ ಮತ್ತೆ ತಂದ ಹಾಗೆ, ಅಲ್ವಾ? ಕಂಪನಿ ಹೆಸರು ಬರೆಯುವುದಿಲ್ಲ, ಅದು ಸ್ಟಾಕ್ ಬದಲಾದ ಹಾಗೆ ಬದಲಾಗುತ್ತದೆ. ಲೇಬಲ್ ಹಚ್ಚುವಾಗ ಸಿರಿಂಜಿನ ಗೆರೆಗಳು ಮುಚ್ಚದ ಹಾಗೆ ನೋಡಿಕೊಳ್ಳಿ.

ಬಣ್ಣದ ಲೇಬಲ್ ಸಿಕ್ಕರೆ ಒಳ್ಳೆಯದೇ. ಅರಿವಳಿಕೆ ಸಿರಿಂಜ್ ಲೇಬಲ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 26825 ಪ್ರಕಾರ ಮಿಡಾಜೋಲಮ್ ಗುಂಪಿಗೆ ಕಿತ್ತಳೆ, ಫೆಂಟನಿಲ್ ಗುಂಪಿಗೆ ನೀಲಿ, ಅರಿವಳಿಕೆ ಶುರು ಮಾಡುವ ಪ್ರೊಪೊಫಾಲ್‌ನಂಥವಕ್ಕೆ ಹಳದಿ, ಸ್ನಾಯು ಸಡಿಲಿಸುವವಕ್ಕೆ ಕೆಂಪು. ಮಿಡಾಜೋಲಮ್ ಪರಿಣಾಮ ಇಳಿಸುವ ಫ್ಲೂಮಾಜೆನಿಲ್‌ಗೆ ಅದೇ ಕಿತ್ತಳೆ, ಮೇಲೆ ಬಿಳಿ ಓರೆ ಪಟ್ಟಿ. ಆದರೆ ಬಣ್ಣ ಹೇಳುವುದು ಗುಂಪನ್ನು ಮಾತ್ರ. ಅದೇ ಗುಂಪಿನ ಡಯಾಜೆಪಾಮ್‌ಗೂ ಕಿತ್ತಳೆಯೇ. ಹಾಗಾಗಿ ಬಣ್ಣ ನೋಡಿ ಕೈ ಹಾಕಿದರೂ ಹೆಸರು ಓದಿಯೇ ಎತ್ತಬೇಕು.

ಡಾಕ್ಟರು “2 ಎಂಜಿ ಕೊಡಿ ಸಿಸ್ಟರ್” ಅಂದಾಗ ನಾನು ಸಿರಿಂಜ್ ಅವರ ಕಡೆ ತಿರುಗಿಸಿ, “ಮಿಡಾಜೋಲಮ್, ಎಂಎಲ್‌ಗೆ 1 ಎಂಜಿ, 2 ಎಂಎಲ್ ಕೊಡ್ತಿದ್ದೀನಿ ಸರ್” ಅಂತ ಜೋರಾಗಿ ಹೇಳುತ್ತೇನೆ. ಅವರು ಹೂಂ ಅಂದ ಮೇಲೇ ತಳ್ಳುವುದು. ಲೇಬಲ್ ಇಲ್ಲದ ಸಿರಿಂಜ್ ಟೇಬಲ್ ಮೇಲೆ ಕಂಡರೆ ಯಾರದು ಅಂತ ವಿಚಾರಿಸುವುದಿಲ್ಲ, ನೇರ ಬಿಸಾಡುತ್ತೇನೆ. ಖಾಲಿ ವಯಲ್, ಆಂಪ್ಯೂಲ್‌ಗಳನ್ನು ಮಾತ್ರ ಕೇಸ್ ಮುಗಿಯುವವರೆಗೆ ಪಕ್ಕದ ಟ್ರೇನಲ್ಲಿ ಇಟ್ಟುಕೊಂಡಿದ್ದು ರಿಜಿಸ್ಟರಿಗೆ ತಾಳೆ ನೋಡುತ್ತೇನೆ, ಉಳಿದ ಔಷಧಿ ಚೆಲ್ಲಿದ್ದಕ್ಕೆ ಇನ್ನೊಬ್ಬ ಸಿಸ್ಟರ್ ಸಹಿಯನ್ನೂ ಹಾಕಿಸುತ್ತೇನೆ.