ಬಳ್ಳಾರಿಗೆ ಹೊಸದಾಗಿ ಬಂದವರಿಗೆ: ಹೊನಲು ಬೆಳಕಿನ ಕಬಡ್ಡಿ ನೋಡಲು ಹೋಗುವ ಮುನ್ನ

ತೋರಣಗಲ್ಲು, ಕುಡತಿನಿ, ಸಂಡೂರು ಕಡೆ ಕೆಲಸ ಸಿಕ್ಕಿ ಈ ಜಿಲ್ಲೆಯಲ್ಲಿ ಮನೆ ಮಾಡಿದ್ದೀರಾ? ಇಲ್ಲಿನ ಜನರ ಪರಿಚಯಕ್ಕೆ ಊರ ಕಬಡ್ಡಿ ಪಂದ್ಯಾವಳಿಗಿಂತ ಸಲೀಸಾದ ದಾರಿ ಇನ್ನೊಂದಿಲ್ಲ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಸೀಮೆ ಇದು, ಹಾಗಾಗಿ ಆಟ ರಂಗೇರುವುದು ದೀಪದ ಬೆಳಕಲ್ಲಿ. ಕರಪತ್ರದಲ್ಲಿ ಸಂಜೆ 6 ಗಂಟೆ ಎಂದಿದ್ದರೂ ಉದ್ಘಾಟನೆ, ಭಾಷಣ, ಸನ್ಮಾನ ಮುಗಿಯುವವರೆಗೆ ಆಟ ಶುರುವಾಗದು. ಮಕ್ಕಳಿಗೆ ಊಟ ಮಾಡಿಸಿಕೊಂಡೇ ಬನ್ನಿ; ಮಂಡಕ್ಕಿ ಒಗ್ಗರಣೆ, ಮಿರ್ಚಿ ಹೇಗೂ ಮೈದಾನದ ಅಂಚಿನಲ್ಲಿ ಸಿಗುತ್ತವೆ.

ಎಲ್ಲಕ್ಕಿಂತ ಮುಖ್ಯ ಕೂರುವ ಜಾಗ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್, ಅದರಾಚೆ ಇನ್ನೊಂದು ಮೀಟರ್‌ಗೆ ಬೋನಸ್ ಗೆರೆ. ಹಿಂಬದಿಯಲ್ಲಿ ಕೂತರೆ ಹಿಡಿಯುವವರ ಬೆನ್ನು ಅಡ್ಡ ಬಂದು ದಾಳಿಗಾರನ ಕಾಲೇ ಕಾಣದು. ಉದ್ದದ ಬದಿಯಲ್ಲಿ, ನಡುಗೆರೆಯ ನೇರಕ್ಕೆ ಜಾಗ ಹಿಡಿಯಿರಿ. ಹಗ್ಗಕ್ಕೆ ಅಂಟಿಕೊಂಡು ಮಾತ್ರ ಬೇಡ: ಹಿಡಿತ ಬಿಗಿಯಾದಾಗ ಐದಾರು ಜನ ಒಟ್ಟಿಗೆ ಗೆರೆಯಾಚೆ ಬಂದು ಬೀಳುತ್ತಾರೆ, ಮುಂದೆ ಕೂತ ಮಕ್ಕಳಿಗೆ ಪೆಟ್ಟಾಗುವುದು ಆಗಲೇ. ಮರದ ಗ್ಯಾಲರಿ ಕಟ್ಟಿದ್ದರೆ, ಜನ ಕಿಕ್ಕಿರಿದ ಮೇಲೆ ಅದರ ಮೇಲೂ ಕೆಳಗೂ ಇರಬೇಡಿ. ಕೈಗೂಸು ಇದ್ದರೆ ಧ್ವನಿವರ್ಧಕದಿಂದ ದೂರವಿರಿ.

ಇನ್ನು ಆಟ. ಒಂದು ಕಡೆ 7 ಜನ. ಗಂಡಸರಿಗೆ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ದಾಳಿಗೆ 30 ಸೆಕೆಂಡು, ಅಷ್ಟು ಹೊತ್ತೂ 'ಕಬಡ್ಡಿ' ಎನ್ನುತ್ತಲೇ ಇರಬೇಕು. ದಾಳಿಗಾರ ಯಾರನ್ನೂ ಮುಟ್ಟದೆ, ಬಾಕ್ ಲೈನ್ ಕೂಡ ದಾಟದೆ ವಾಪಸಾದರೆ ಅವನೇ ಔಟ್. ಎದುರು ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್, ಅಂದರೆ ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಒಂದು ಅಂಕ. ಒಂದು ಕಾಲು ಗೆರೆಯಾಚೆ ಊರಿದ ಹೊತ್ತಿಗೆ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಜಗಳ ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಹೊಸಬರು ತಬ್ಬಿಬ್ಬಾಗುವ ಇನ್ನೊಂದು ಜಾಗ ಲಾಬಿ, ಅಂದರೆ ಎರಡು ಬದಿಯ ಒಂದೊಂದು ಮೀಟರ್ ಪಟ್ಟಿ. ಮುಟ್ಟುವ ತನಕ ಅಲ್ಲಿ ಕಾಲಿಟ್ಟವರು ಔಟ್. ಮುಟ್ಟಿದ ಮೇಲೆ ಅದೂ ಅಂಕಣವೇ. ಏಳೂ ಜನ ಔಟಾದರೆ ಎದುರಾಳಿಗೆ ಲೋನಾ, ಎಂದರೆ 2 ಅಂಕ ಹೆಚ್ಚುವರಿ. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿದ್ದಾಗ ದಾಳಿಗಾರನನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು 2 ಅಂಕ. ಸ್ಕೋರ್ ಇದ್ದಕ್ಕಿದ್ದಂತೆ ಜಿಗಿಯಲು ಇವೂ ಕಾರಣ. ಊರ ಪಂದ್ಯಗಳಲ್ಲಿ ಅವಧಿ, ತೂಕದ ಮಿತಿ ಬೇರೆ ಇರುವುದುಂಟು, ಮೊದಲೇ ಅಂಕ ಬರೆಯುವವರ ಮೇಜಿನಲ್ಲಿ ಕೇಳಿಕೊಳ್ಳಿ.

ಟಿವಿಯಲ್ಲಿ ರಗ್ಬಿ ನೋಡಿದವರಿಗೆ ಹಿಡಿತದ ಬಿರುಸು ಹೊಸದಲ್ಲ. ಇಲ್ಲಿ ಬಟ್ಟೆ, ಕೂದಲು ಹಿಡಿಯುವಂತಿಲ್ಲ, ಬಾಯಿ ಮುಚ್ಚುವಂತಿಲ್ಲ, ಕಾಲುಗಳನ್ನು ಕತ್ತರಿ ಹಾಕಿ ಸಿಕ್ಕಿಸುವಂತಿಲ್ಲ. ಎಲ್ಲರ ಕಣ್ಣೂ ದಾಳಿಗಾರನ ಕೈ ಮೇಲಿರುತ್ತದೆ. ನೀವು ಎರಡು ಮೂಲೆಯಲ್ಲಿ ನಿಂತವರ ಕಾಲು ನೋಡಿ. ದಾಳಿಗಾರನ ಪಾದಕ್ಕೆ ಮೊದಲು ನುಗ್ಗುವವರು ಸಾಮಾನ್ಯವಾಗಿ ಅವರೇ, ಉಳಿದವರು ಆಮೇಲೆ ಮೇಲೆ ಬೀಳುತ್ತಾರೆ. ಇದೊಂದು ಅಭ್ಯಾಸವಾದರೆ ಹಿಡಿತ ಎಲ್ಲಿ ಶುರುವಾಗುತ್ತದೆ ಎಂದು ಮುಂಚೆಯೇ ಕಾಣತೊಡಗುತ್ತದೆ. ಅದು ನಿಜಕ್ಕೂ ಬಹಳ ಚೆಂದದ ಅನುಭವ.

ಮೆಚ್ಚಿದ ಆಟಗಾರನಿಗೆ ಜನ ಮೈಕಿನಲ್ಲಿ ಬಹುಮಾನ ಕೂಗಿಸುತ್ತಾರೆ. ನೀವೂ ಕೊಡಬಹುದು, ಹಣವನ್ನು ಸಮಿತಿಯವರ ಕೈಗೆ ಕೊಡಿ. ಆಟ ನಡೆಯುವಾಗ ಅಂಕಣದೊಳಗೆ ಹೋಗಬೇಡಿ. ಫೈನಲ್ ನಡುರಾತ್ರಿ ದಾಟುವುದು ಮಾಮೂಲು, ಅಷ್ಟೊತ್ತಿಗೆ ಹಳ್ಳಿಯಿಂದ ಬಸ್ ಇರದು. ಬರುವಾಗಲೇ ಆಟೋದವರ ಹತ್ತಿರ ವಾಪಸಿನ ಬಾಡಿಗೆ ಮಾತಾಡಿ, ನಂಬರು ಬರೆದುಕೊಳ್ಳಿ.