ರಿವ್ಯೂ ಪೇಪರ್ ಓದಿ ನಾನು ಭತ್ತದ ಕೆಲಸ ಮಾಡಿದ ಬಗೆ

ನಮ್ಮ ವಿಭಾಗಕ್ಕೆ ಎಂ.ಎಸ್ಸಿ. ಸೇರುವ ಮಕ್ಕಳು ಬಂದ ಹೊಸದರಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ: "ಮೇಡಂ, ರಿವ್ಯೂ ಪೇಪರ್ ಓದೋದು ಟೈಮ್ ವೇಸ್ಟ್ ಅಲ್ವಾ? ನೇರ ಒರಿಜಿನಲ್ ಪೇಪರೇ ಓದಬಹುದಲ್ಲ?" ರಿವ್ಯೂ ಪೇಪರ್ ಅಂದರೆ ಒಂದು ವಿಷಯದ ಮೇಲೆ ಆಗಲೇ ಬಂದ ಸಂಶೋಧನಾ ಲೇಖನಗಳನ್ನು ಒಟ್ಟಿಗೆ ಇಟ್ಟು ವಿಮರ್ಶಿಸುವ ಲೇಖನ. ಈ ಪ್ರಶ್ನೆಯ ಹಿಂದೆ ಏನಿದೆ ಅಂತ ನನಗೆ ಗೊತ್ತು. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಕೂತಲ್ಲೇ ಒಟ್ಟು ಹಾಕಿದರೆ ರಿವ್ಯೂ ಆಯಿತು ಅನ್ನುವ ಭಾವನೆ. ಇದು ಮಕ್ಕಳಿಗೆ ಮಾತ್ರ ಅಲ್ಲ, ಸಂದರ್ಶನ ಮಾಡಲು ಕೂರುವ ದೊಡ್ಡವರಿಗೂ ಇದೆ. ರಾಯಚೂರಿನಲ್ಲಿ ಕೂತು ಭತ್ತದ ರೋಗ ನಿರೋಧಕ ತಳಿಗಳ ಮೇಲೆ ಕೆಲಸ ಮಾಡಿದ ನನ್ನ ಅನುಭವ ಬೇರೆ. ಯಾವ ಗಿಡ ಉಳಿಸಬೇಕು, ಯಾವ ಪ್ರಯೋಗಕ್ಕೆ ದುಡ್ಡು ಹಾಕಬೇಕು ಅಂತ ನನಗೆ ಹೇಳಿಕೊಟ್ಟದ್ದು ಒಳ್ಳೆಯ ರಿವ್ಯೂಗಳು.

ಮೊದಲು ಹೊಲದ ಕಡೆಯಿಂದ ಬರುತ್ತೇನೆ. ತುಂಗಭದ್ರಾ ಎಡದಂಡೆ ನಾಲೆಯ ಉದ್ದಕ್ಕೂ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಭತ್ತವೇ ಭತ್ತ. ರೈತರಿಗೆ ಇಷ್ಟವಾದ ತಳಿಗಳಲ್ಲಿ ಬಿಪಿಟಿ 5204 ಒಂದು. ಆಂಧ್ರದ ಬಾಪಟ್ಲದಲ್ಲಿ ತಯಾರಾದ ಸಾಂಬಾ ಮಸೂರಿ ಇದೇ. ಅಕ್ಕಿ ಸಣ್ಣ, ಅನ್ನ ರುಚಿ, ರೇಟೂ ಚೆನ್ನಾಗಿ ಸಿಗುತ್ತದೆ. ಆದರೆ ದುಂಡಾಣು ಅಂಗಮಾರಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಸಿಂಧನೂರು ಕಡೆ ಒಬ್ಬ ರೈತರು ಎಲೆ ಹಿಡಿದುಕೊಂಡು ಕೇಳಿದ್ದು ನನಗೆ ಇನ್ನೂ ನೆನಪಿದೆ: "ಎಲಿ ತುದಿಲಿಂದ ಒಣಗಾಕ ಹತ್ಯಾವ್ರೀ ಮೇಡಂ, ಯೂರಿಯಾ ಕಮ್ಮಿ ಆಗೇತೇನ್ರೀ?" ಎಲೆಯ ಅಂಚು ಅಲೆ ಅಲೆಯಾಗಿ ಹಳದಿಯಾಗಿತ್ತು. ಆ ಎಲೆಯನ್ನು ಅಡ್ಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಟ್ಟೆ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಕಡೆಯಿಂದ ಹಾಲಿನಂಥ ದಾರ ಕೆಳಗಿಳಿಯಿತು. ಅದು ಬ್ಯಾಕ್ಟೀರಿಯಾ. ಇಂಥ ಹೊಲಕ್ಕೆ ಯೂರಿಯಾ ಹಾಕಿದರೆ ರೋಗ ಇನ್ನೂ ಜಾಸ್ತಿ ಆಗುತ್ತದೆ. ಹಬ್ಬಿದ ಮೇಲೆ ಈ ರೋಗಕ್ಕೆ ನಂಬಿ ಹೊಡೆಯುವಂಥ ಔಷಧಿ ಇಲ್ಲ. ಹಾಗಾಗಿ ನಿರೋಧಕ ತಳಿಯೇ ದಾರಿ.

ಆ ದಾರಿಯಲ್ಲಿ ದೊಡ್ಡ ಕೆಲಸ ಆಗಲೇ ನಡೆದಿತ್ತು. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಅಲ್ಲಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಸೇರಿ ಸಾಂಬಾ ಮಸೂರಿಗೆ ಮೂರು ನಿರೋಧಕ ಜೀನ್‌ಗಳನ್ನು ಮಾರ್ಕರ್ ಸಹಾಯದಿಂದ, ಅಂದರೆ ಬೇಕಾದ ಜೀನ್ ಗಿಡದಲ್ಲಿ ಇದೆಯಾ ಅಂತ ತೋರಿಸುವ ಡಿಎನ್ಎ ಗುರುತಿನ ಸಹಾಯದಿಂದ ಸೇರಿಸಿದ್ದರು. ಸುಧಾರಿತ ಸಾಂಬಾ ಮಸೂರಿ ಎಂಬ ಆ ತಳಿ 2008ರಲ್ಲಿ ಬಿಡುಗಡೆಯಾಯಿತು. ಆ ಮೂರು ಜೀನ್‌ಗಳು ಎಕ್ಸ್‌ಎ-21, ಎಕ್ಸ್‌ಎ-13 ಮತ್ತು ಎಕ್ಸ್‌ಎ-5. ನಾನೂ ಇವೇ ಜೀನ್‌ಗಳನ್ನು ನಮ್ಮ ಭಾಗದ ತಳಿಗಳಿಗೆ ತರುವ ಕೆಲಸಕ್ಕೆ ಇಳಿದೆ.

ಈ ಮೂರರ ಬಗ್ಗೆ ಬಿಡಿ ಬಿಡಿ ಪೇಪರ್ ಓದುವಾಗ ಎಲ್ಲವೂ "ನಿರೋಧಕ ಜೀನ್" ಅಂತಲೇ ಕಾಣುತ್ತವೆ. ಅದರಲ್ಲಿ ಎಕ್ಸ್‌ಎ-21 ಆಫ್ರಿಕಾದ ಕಾಡು ಭತ್ತದಿಂದ ಬಂದದ್ದು, 1995ರಲ್ಲಿ ಅದನ್ನು ಕ್ಲೋನ್ ಮಾಡಿದರು, ಅಂದರೆ ಆ ಜೀನನ್ನೇ ಬೇರ್ಪಡಿಸಿ ಗುರುತಿಸಿದರು. ಅದು ಡಾಮಿನೆಂಟ್, ಒಂದು ಪ್ರತಿ ಇದ್ದರೂ ಕೆಲಸ ಮಾಡುತ್ತದೆ. ಉಳಿದ ಎರಡು ರಿಸೆಸಿವ್, ಅಪ್ಪನಿಂದ ಒಂದು ಅಮ್ಮನಿಂದ ಒಂದು ಬಂದರೆ ಮಾತ್ರ ನಿರೋಧಕತೆ ಕಾಣುತ್ತದೆ. ಇಷ್ಟು ಪಠ್ಯಪುಸ್ತಕದಲ್ಲೂ ಇದೆ. ಯಾಕೆ ಹೀಗೆ ಅನ್ನುವುದು ನನಗೆ ಗೊತ್ತಾದದ್ದು ರಿವ್ಯೂ ಓದಿದ ಮೇಲೆ.

ಆ ಕಥೆಯ ತುಂಡುಗಳು ಜಗತ್ತಿನ ಬೇರೆ ಬೇರೆ ಕಡೆ ಬಿದ್ದಿದ್ದವು. ಎಕ್ಸ್‌ಎ-5 ಅಂದರೆ ಜೀನ್‌ಗಳನ್ನು ಓದಲು ಎಲ್ಲ ಕೋಶಕ್ಕೂ ಬೇಕಾದ ಒಂದು ಪ್ರೋಟೀನಿನ ಸ್ವಲ್ಪ ಬದಲಾದ ರೂಪ ಅಂತ 2004ರಲ್ಲಿ ತಿಳಿಯಿತು. ಎಕ್ಸ್‌ಎ-13ರ ಗುಟ್ಟು 2006ರಲ್ಲಿ ಹೊರಬಂತು. ಚೀನಾದ ವುಹಾನಿನ ತಂಡ ಒಂದು ಕಡೆ, ಅಮೆರಿಕದ ಕಾನ್ಸಾಸ್‌ನ ತಂಡ ಇನ್ನೊಂದು ಕಡೆ ಒಂದೇ ಜೀನಿನ ಮೇಲೆ ಕೆಲಸ ಮಾಡಿದ್ದವು, ಆದರೆ ಇಟ್ಟ ಹೆಸರು ಬೇರೆ ಬೇರೆ. ಬ್ಯಾಕ್ಟೀರಿಯಾ ಬಿಡುವ ಟಾಲ್ ಎಫೆಕ್ಟರ್ ಎಂಬ ಪ್ರೋಟೀನ್‌ಗಳು ಡಿಎನ್ಎಯ ಯಾವ ಅಕ್ಷರಗಳಿಗೆ ಅಂಟುತ್ತವೆ ಅನ್ನುವ ಸಂಕೇತವನ್ನು ಬಿಡಿಸಿದ್ದು 2009ರಲ್ಲಿ, ಜರ್ಮನಿಯ ಹಾಲೆಯಲ್ಲಿ ಒಂದು ತಂಡ, ಅಮೆರಿಕದಲ್ಲಿ ಇನ್ನೊಂದು. ಅದರ ಮರುವರ್ಷ, 2010ರಲ್ಲಿ, ವುಹಾನ್ ಮತ್ತು ಕಾನ್ಸಾಸ್ ತಂಡಗಳು ಕೆಲಸ ಮಾಡಿದ್ದ ಆ ಜೀನ್ ಸಕ್ಕರೆಯನ್ನು ಕೋಶದಿಂದ ಹೊರಕ್ಕೆ ಸಾಗಿಸುವ ಸ್ವೀಟ್ ಎಂಬ ಕುಟುಂಬಕ್ಕೆ ಸೇರಿದ್ದು ಅಂತ ಗೊತ್ತಾಯಿತು.

ಇವನ್ನೆಲ್ಲ ಒಂದೇ ಚಿತ್ರದಲ್ಲಿ ಇಟ್ಟ ರಿವ್ಯೂ ನೋಡಿದಾಗ ವಿಷಯ ಸ್ಪಷ್ಟವಾಯಿತು. ಬ್ಯಾಕ್ಟೀರಿಯಾ ತನ್ನ ಪ್ರೋಟೀನನ್ನು ಭತ್ತದ ಕೋಶದೊಳಗೆ ಕಳಿಸುತ್ತದೆ. ಅದು ಹೋಗಿ ಈಗ ಸ್ವೀಟ್-11 ಅಂತ ಕರೆಯುವ ಆ ಜೀನಿನ ಮುಂದಿನ ಭಾಗಕ್ಕೆ, ಅಂದರೆ ಪ್ರೊಮೋಟರ್‌ಗೆ ಅಂಟಿ ಅದನ್ನು ಜೋರಾಗಿ ಚಾಲೂ ಮಾಡುತ್ತದೆ. ಸಕ್ಕರೆ ಹೊರಗೆ ಬರುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎಕ್ಸ್‌ಎ-13 ಇರುವ ಗಿಡದಲ್ಲಿ ಅದೇ ಪ್ರೊಮೋಟರ್ ಬದಲಾಗಿದೆ. ಅಲ್ಲಿ ಅಂಟಲು ಜಾಗವಿಲ್ಲ. ಅಂದರೆ ಇದು ರೋಗದ ಜೊತೆ ಹೋರಾಡುವ ಜೀನ್ ಅಲ್ಲ, ರೋಗಕ್ಕೆ ಬೇಕಾದದ್ದನ್ನು ಕೊಡದೆ ಇರುವ ಜೀನ್. ಒಂದು ಪ್ರತಿ ಹಳೆಯದೇ ಉಳಿದರೂ ಸಕ್ಕರೆ ಸಿಕ್ಕೇ ಸಿಗುತ್ತದೆ. ಅದಕ್ಕೇ ಎರಡೂ ಪ್ರತಿ ಬದಲಾಗಿರಬೇಕು.

ಇದರಿಂದ ನನ್ನ ಕೆಲಸ ಮೂರು ಕಡೆ ಬದಲಾಯಿತು.

ಮೊದಲನೆಯದು, ಬ್ಯಾಕ್‌ಕ್ರಾಸ್ ಮಾಡುವಾಗ ಪ್ರತಿ ಸಲ ಮೂಲ ತಳಿಗೆ ಹಿಂತಿರುಗಿ ಕೂಡಿಸುತ್ತೇವೆ. ಆ ಪೀಳಿಗೆಯ ಯಾವ ಗಿಡದಲ್ಲೂ ಎಕ್ಸ್‌ಎ-13ರ ಒಂದಕ್ಕಿಂತ ಹೆಚ್ಚು ಪ್ರತಿ ಇರಲು ಸಾಧ್ಯವಿಲ್ಲ. ಕತ್ತರಿಯನ್ನು ಬ್ಯಾಕ್ಟೀರಿಯಾ ದ್ರಾವಣದಲ್ಲಿ ಅದ್ದಿ ಎಲೆ ತುದಿ ಕತ್ತರಿಸಿ, ಎರಡು ವಾರ ಬಿಟ್ಟು ಗಾಯದ ಉದ್ದ ಅಳೆಯುವುದು ನಮ್ಮ ರೂಢಿ. ಈ ಜೀನ್‌ಗೆ ಆ ಹಂತದಲ್ಲಿ ಆ ಅಳತೆ ಏನೂ ಹೇಳುವುದಿಲ್ಲ. ಬೇಕಾದ ಗಿಡವೂ ಒಣಗುತ್ತದೆ, ಬೇಡದ ಗಿಡವೂ ಒಣಗುತ್ತದೆ. ಆದ್ದರಿಂದ ಪ್ರೊಮೋಟರ್‌ನ ಬದಲಾವಣೆಯನ್ನೇ ನೇರ ತೋರಿಸುವ ಮಾರ್ಕರ್ ಹಿಡಿದೆ. ಡಿಎನ್ಎ ತುಂಡುಗಳನ್ನು ಉದ್ದದ ಲೆಕ್ಕದಲ್ಲಿ ಬೇರೆ ಮಾಡಿ ತೋರಿಸುವ ಜೆಲ್ ಮೇಲೆ ಹಳೆ ಪ್ರತಿಗೆ ಒಂದು ಪಟ್ಟಿ, ಹೊಸ ಪ್ರತಿಗೆ ಇನ್ನೊಂದು ಎತ್ತರದಲ್ಲಿ ಪಟ್ಟಿ. ಎರಡೂ ಪಟ್ಟಿ ಕಂಡ ಸಸಿಯನ್ನು ಉಳಿಸಿದೆ. ಕತ್ತರಿಯ ಪರೀಕ್ಷೆಯನ್ನು ಸ್ವಂತ ಪರಾಗದಿಂದ ಬೀಜ ಕಟ್ಟಿಸಿದ ಮೇಲಿನ ಪೀಳಿಗೆಗೆ ಇಟ್ಟುಕೊಂಡೆ.

ಎರಡನೆಯದು, "ಈ ಸ್ವೀಟ್-11 ಜೀನ್ ರೋಗಕ್ಕೆ ದಾರಿ ಅಂದ್ರೆ ಅದನ್ನೇ ತೆಗೆದು ಹಾಕಬಾರದಾ ಮೇಡಂ?" ಅಂತ ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ವುಹಾನ್ ತಂಡದ ಪೇಪರಿನಲ್ಲೇ ಉತ್ತರ ಇದೆ. ಈ ಜೀನಿನ ಕೆಲಸ ತಗ್ಗಿಸಿದಾಗ ಪರಾಗ ಸರಿಯಾಗಿ ಬೆಳೆಯಲಿಲ್ಲ. ಪರಾಗ ಇಲ್ಲ ಅಂದರೆ ಕಾಳೂ ಇಲ್ಲ. ಜೀನ್ ಪೂರಾ ಇದ್ದು ಬ್ಯಾಕ್ಟೀರಿಯಾ ಮುಟ್ಟುವ ಜಾಗ ಮಾತ್ರ ಬದಲಾದದ್ದೇ ಎಕ್ಸ್‌ಎ-13ರ ಹೆಚ್ಚುಗಾರಿಕೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬ್ಯಾಕ್ಟೀರಿಯಾದ ಎಲ್ಲ ತಳಿಗಳೂ ಸ್ವೀಟ್-11ನ್ನೇ ನಂಬಿಲ್ಲ. ಕೆಲವು ಸ್ವೀಟ್-14 ಬಳಸುತ್ತವೆ, ಕೆಲವು ಸ್ವೀಟ್-13. ಅಂಥವುಗಳ ಎದುರು ಎಕ್ಸ್‌ಎ-13 ಒಂದೇ ನಿಲ್ಲುವುದಿಲ್ಲ. ಹಾಗಾದರೆ ನಮ್ಮ ನಾಲೆಯ ನೀರಿನಲ್ಲಿ ಹರಿದು ಬರುವ ಬ್ಯಾಕ್ಟೀರಿಯಾ ಯಾವುದನ್ನು ಬಳಸುತ್ತಿದೆ? ಈ ಪ್ರಶ್ನೆ ನಾನು ಓದಿದ ಯಾವ ಒಂದು ಒರಿಜಿನಲ್ ಪೇಪರಿನಲ್ಲೂ ಇರಲಿಲ್ಲ. ಎಲ್ಲ ಪಕ್ಕಪಕ್ಕ ಇಟ್ಟಾಗ ತಾನಾಗೇ ಎದ್ದಿತು. ನಾಲೆಯ ಕೊನೆ ಭಾಗದ ರೈತರಿಗೆ ನೀರು ಬರದಿದ್ದಾಗ ತಮ್ಮ ತೂಬನ್ನಷ್ಟೇ ನೋಡುತ್ತಾ ಕೂತರೆ ಕಾರಣ ತಿಳಿಯುವುದಿಲ್ಲ, ಮೇಲಿನಿಂದ ಇಡೀ ನಾಲೆ ನೋಡಿಕೊಂಡು ಬರಬೇಕು. ಹಾಗೆ ಇದು.

ಇನ್ನು, ಎಲ್ಲ ರಿವ್ಯೂ ಒಳ್ಳೆಯದಲ್ಲ. "ಇವರು ಇದು ಮಾಡಿದರು, ಅವರು ಅದು ಮಾಡಿದರು" ಅಂತ ಪುಟಗಟ್ಟಲೆ ಹೋಗುವ ರಿವ್ಯೂಗಳು ರಾಶಿ ಇವೆ. ನಾನು ಮೊದಲು ನೋಡುವುದು ಲೇಖಕರು ಎಲ್ಲಾದರೂ ಒಂದು ನಿಲುವು ತೆಗೆದುಕೊಂಡಿದ್ದಾರಾ ಅಂತ. ಎರಡು ಪ್ರಯೋಗಗಳ ಫಲಿತಾಂಶ ತಾಳೆಯಾಗದಿದ್ದರೆ ಯಾಕೆ ಅಂತ ಹೇಳುವ ಧೈರ್ಯ ಅವರಿಗಿರಬೇಕು. ಆಮೇಲೆ ಅವರೇ ಬರೆದ ಚಿತ್ರ ಇದೆಯಾ ನೋಡುತ್ತೇನೆ. ಕೊನೆಗೆ ನನಗೆ ಚೆನ್ನಾಗಿ ಗೊತ್ತಿರುವ ಒಂದೆರಡು ವಾಕ್ಯಗಳನ್ನು ಮೂಲ ಪೇಪರಿನ ಜೊತೆ ಹೋಲಿಸುತ್ತೇನೆ. ಎಕ್ಸ್‌ಎ-13 ಬಗ್ಗೆ "ಜೀನ್ ಕೆಟ್ಟು ಹೋಗಿರುವುದರಿಂದ ನಿರೋಧಕತೆ" ಅಂತ ಬರೆದಿದ್ದರೆ ಸಾಕು, ಅವರು ಮೂಲ ಓದಿಲ್ಲ ಅಂತ ತಿಳಿಯುತ್ತದೆ. ಅಂಥದ್ದನ್ನು ಅಲ್ಲಿಗೇ ಬಿಡುತ್ತೇನೆ.

ವರ್ಷವನ್ನೂ ನೋಡಲೇಬೇಕು. ಎಕ್ಸ್‌ಎ-21 ಬ್ಯಾಕ್ಟೀರಿಯಾದ ಯಾವ ಅಣುವನ್ನು ಗುರುತು ಹಿಡಿಯುತ್ತದೆ ಅಂತ 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪೇಪರ್ ಬಂತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ಪಮೇಲಾ ರೊನಾಲ್ಡ್ ಅವರ ಪ್ರಯೋಗಾಲಯದ್ದು. ನಂತರ ಅದೇ ಪ್ರಯೋಗಾಲಯ ತಮ್ಮ ಕೆಲಸದಲ್ಲಿ ದೋಷ ಕಂಡುಹಿಡಿದು, 2013ರಲ್ಲಿ ತಾವೇ ಆ ಪೇಪರನ್ನು ವಾಪಸ್ ಪಡೆದರು. ಸರಿಯಾದ ಅಣು ರ‍್ಯಾಕ್ಸ್‌-ಎಕ್ಸ್ ಅಂತ 2015ರಲ್ಲಿ ಪ್ರಕಟಿಸಿದ್ದೂ ಅವರೇ. ಇಷ್ಟು ಪ್ರಾಮಾಣಿಕತೆ ನನಗೆ ತುಂಬಾ ಗೌರವ ತರಿಸುತ್ತದೆ. ಆದರೆ 2009 ಮತ್ತು 2013ರ ನಡುವೆ ಬಂದ ರಿವ್ಯೂಗಳಲ್ಲಿ ಹಳೆಯ ಮಾತು ಹಾಗೇ ಉಳಿದಿರಬಹುದು. ಯಾರೂ ಅವನ್ನು ತಿದ್ದಲು ಹೋಗುವುದಿಲ್ಲ. ಅದಕ್ಕೇ ನಮ್ಮ ಮಕ್ಕಳಿಗೆ ಹೇಳುತ್ತೇನೆ: ರಿವ್ಯೂನಲ್ಲಿ ಕಂಡ ಮುಖ್ಯ ಪೇಪರನ್ನು ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್‌ ಜಾಲತಾಣದಲ್ಲಿ ಒಮ್ಮೆ ತೆರೆದು ನೋಡಿ. ವಾಪಸ್ ಪಡೆದದ್ದಾದರೆ ಅಲ್ಲೇ ಎದ್ದು ಕಾಣುವಂತೆ ಬರೆದಿರುತ್ತಾರೆ. ಪಬ್‌ಮೆಡ್‌ನ ಎಡಗಡೆ ರಿವ್ಯೂ ಮಾತ್ರ ತೋರಿಸುವ ಆಯ್ಕೆಯೂ ಇದೆ, ಹುಡುಕಾಟ ಅಲ್ಲಿಂದ ಶುರು ಮಾಡಿದರೆ ಆರಾಮ.

ಮುಂದೆ ನನ್ನ ಗೈಡ್ ಜೊತೆ ಸೇರಿ ಇದೇ ವಿಷಯದ ಮೇಲೆ ಒಂದು ರಿವ್ಯೂ ಬರೆದೆ. ಆಗಲೇ ಅದರ ನಿಜವಾದ ಶ್ರಮ ಗೊತ್ತಾದದ್ದು. ದೊಡ್ಡ ಲೆಡ್ಜರ್ ಪುಸ್ತಕದಲ್ಲಿ ಪ್ರತಿ ಪೇಪರಿಗೆ ಒಂದು ಸಾಲು. ಯಾವ ತಳಿ, ಯಾವ ಜೀನ್, ಬ್ಯಾಕ್ಟೀರಿಯಾ ಎಲ್ಲಿಯದು, ಹೊಲದಲ್ಲಿ ಮಾಡಿದ್ದಾ ಗ್ಲಾಸ್‌ಹೌಸ್‌ನಲ್ಲಾ, ಗಾಯವನ್ನು ಹೇಗೆ ಅಳೆದರು. ಕೊನೆಯ ಕಾಲಂ ತುಂಬುತ್ತಾ ಹೋದಂತೆ ಒಂದು ಸಂಗತಿ ಎದ್ದು ಕಂಡಿತು. ಎಲ್ಲರೂ "ನಿರೋಧಕ" ಅಂತಲೇ ಬರೆದಿದ್ದರು. ಆದರೆ ಕೆಲವರದು ಸೆಂಟಿಮೀಟರ್ ಲೆಕ್ಕ, ಕೆಲವರದು ಎಲೆಯ ಶೇಕಡಾವಾರು, ಇನ್ನು ಕೆಲವರದು ಅಂಕದ ಪಟ್ಟಿ. ಒಬ್ಬರ ನಿರೋಧಕ ಇನ್ನೊಬ್ಬರಿಗೆ ಮಧ್ಯಮ. ಇದನ್ನು ಒಂದೇ ಪ್ರಯೋಗ ಮಾಡಿದವರು ಕಾಣುವುದು ಕಷ್ಟ. ಗೈಡ್ ಸರ್ ಪುಸ್ತಕ ನೋಡಿ, "ಇದನ್ನೇ ಮುಖ್ಯ ಮಾಡಮ್ಮ, ಉಳಿದದ್ದು ಎಲ್ಲರೂ ಬರೀತಾರೆ" ಅಂದರು. ಹಾಗೇ ಮಾಡಿದೆವು. ಸೆಂಟಿಮೀಟರ್ ಅಳತೆ ಕೊಟ್ಟವರನ್ನು ಮಾತ್ರ ಒಂದು ಪಟ್ಟಿಯಲ್ಲಿ ಇಟ್ಟೆವು, ಉಳಿದವರನ್ನು ಬೇರೆ. ಆ ಪಟ್ಟಿ ಮಾಡಲು ಹಿಡಿದ ಸಮಯದಲ್ಲಿ ಒಂದು ಸಣ್ಣ ಪ್ರಯೋಗವೇ ಮುಗಿಸಬಹುದಿತ್ತು.

ಇಷ್ಟಾದ ಮೇಲೂ ಒಂದು ಆಯ್ಕೆ ಸಮಿತಿಯಲ್ಲಿ "ಇದು ಬರೀ ರಿವ್ಯೂ ಅಲ್ವಾ" ಅಂತ ಅದನ್ನು ಪಕ್ಕಕ್ಕೆ ಸರಿಸಿದರು. ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಅವರ ಅನುಮಾನಕ್ಕೂ ಕಾರಣ ಇದೆ. ರಿವ್ಯೂಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಅದರಿಂದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖವಾಗುತ್ತವೆ ಅನ್ನುವ ಲೆಕ್ಕ) ಏರುತ್ತದೆ, ಸುಲಭದ ದಾರಿ ಅಂತ ಬರೆಯುವವರೂ ಇದ್ದಾರೆ. ಮೂಲ ಕೆಲಸ ಮಾಡಿದವರ ಹೆಸರು ಮರೆಯಾಗಿ ರಿವ್ಯೂ ಬರೆದವರ ಹೆಸರೇ ಉಳಿಯುವುದೂ ಉಂಟು. ಹಾಗಾಗಿ ನನ್ನ ವಿದ್ಯಾರ್ಥಿಗಳು ರಿವ್ಯೂ ಓದಿ ತಿಳಿದ ಸಂಗತಿಗೆ ಮೂಲ ಪೇಪರನ್ನೇ ಓದಿ ಅದನ್ನೇ ಉಲ್ಲೇಖಿಸಬೇಕು, ಅದರಲ್ಲಿ ನಾನು ರಾಜಿ ಆಗುವುದಿಲ್ಲ. ರಿವ್ಯೂ ಲೇಖಕರ ಸ್ವಂತ ವಾದ ಬಳಸಿದರೆ ಮಾತ್ರ ರಿವ್ಯೂ ಹೆಸರು ಹಾಕಬೇಕು.

ಆದರೆ "ಬರೀ ರಿವ್ಯೂ" ಅನ್ನುವವರು ಫ್ರಾನ್ಸಿನ ವಿಜ್ಞಾನಿಗಳಾದ ಜಾಕಬ್ ಮತ್ತು ಮೊನೊ ಅವರನ್ನು ನೆನೆಯಬೇಕು. ಜೀನ್‌ಗಳು ಹೇಗೆ ಚಾಲೂ ಆಗುತ್ತವೆ, ಹೇಗೆ ನಿಲ್ಲುತ್ತವೆ, ಡಿಎನ್ಎಯ ಸಂದೇಶವನ್ನು ಪ್ರೋಟೀನ್ ತಯಾರಾಗುವ ಜಾಗಕ್ಕೆ ಒಯ್ಯುವ ಅಣು ಹೇಗಿರಬೇಕು ಅಂತ ಅವರು ವಿವರವಾಗಿ ಮಂಡಿಸಿದ್ದು 1961ರಲ್ಲಿ, ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ. ಆ ಲೇಖನ ಪ್ರಕಟವಾದದ್ದು ರಿವ್ಯೂ ಆರ್ಟಿಕಲ್ ಅಂತಲೇ. 1965ರಲ್ಲಿ ಅವರಿಗೂ ಆಂದ್ರೆ ಲ್ವೊಫ್ ಅವರಿಗೂ ನೊಬೆಲ್ ಬಂತು. ಚೆಲ್ಲಿ ಹೋಗಿದ್ದ ಪ್ರಯೋಗಗಳನ್ನು ಜೋಡಿಸಿ ಹೊಸ ವಿಚಾರ ಕಟ್ಟುವುದೂ ಸಂಶೋಧನೆಯೇ. ಕ್ಯಾನ್ಸರ್ ಕಡೆ ಹನಹನ್ ಮತ್ತು ವೈನ್‌ಬರ್ಗ್ 2000ರಲ್ಲಿ ಸೆಲ್ ಪತ್ರಿಕೆಯಲ್ಲಿ ಬರೆದ ರಿವ್ಯೂ ಕೂಡ ಹಾಗೆ, ಒಂದು ಇಡೀ ಕ್ಷೇತ್ರ ಅದರ ಮೇಲೆ ಮಾತಾಡಿತು.

ಈಗ ನಾನೇ ಸಂದರ್ಶನಕ್ಕೆ ಕೂತಾಗ ರಿವ್ಯೂ ಬರೆದವರಿಗೆ ಒಂದು ಪ್ರಶ್ನೆ ಕೇಳುತ್ತೇನೆ: ಇಷ್ಟು ಪೇಪರ್ ಓದಿದ ಮೇಲೆ ಯಾರ ಮಾತನ್ನು ನೀವು ಒಪ್ಪಲಿಲ್ಲ, ಯಾಕೆ? ನಿಜವಾಗಿ ಓದಿದವರು ಇಲ್ಲಿ ಕುರ್ಚಿ ಮುಂದಕ್ಕೆ ಎಳೆದುಕೊಂಡು ಮಾತಾಡಲು ಶುರು ಮಾಡುತ್ತಾರೆ. ಅಂಥವರಿಗೆ ಒರಿಜಿನಲ್ ಪೇಪರಿಗೆ ಕೊಡುವಷ್ಟೇ ಅಂಕ ಕೊಡುತ್ತೇನೆ.

ನಮ್ಮ ರಿವ್ಯೂ ಹಳೆಯದಾಗುತ್ತಿದೆ. 2019ರಲ್ಲಿ ಸ್ವೀಟ್-11, 13, 14 ಮೂರರ ಪ್ರೊಮೋಟರ್‌ಗಳನ್ನೂ ಜೀನ್ ಎಡಿಟಿಂಗ್ ಮೂಲಕ ಬದಲಿಸಿ, ಹಲವು ಬಗೆಯ ಬ್ಯಾಕ್ಟೀರಿಯಾಗೆ ನಿಲ್ಲುವ ಭತ್ತ ಮಾಡಿದ್ದಾರೆ. ಲೆಡ್ಜರಿಗೆ ಈಗ ಅದರ ಸಾಲುಗಳೂ ಸೇರುತ್ತಿವೆ. ಅದರಲ್ಲಿ ನಮ್ಮ ಎಡದಂಡೆ ಭಾಗದ ಬ್ಯಾಕ್ಟೀರಿಯಾದ ಸಾಲುಗಳು ಕಮ್ಮಿ. ಕಾರಟಗಿ, ಸಿಂಧನೂರು, ಮಾನ್ವಿ ಹೊಲಗಳಿಂದ ಎಲೆ ತಂದು, ಯಾವ ಸ್ವೀಟ್ ಜೀನ್ ಚಾಲೂ ಆಗುತ್ತದೆ ಅಂತ ನೋಡುವ ಕೆಲಸವನ್ನು ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ಈ ಹಂಗಾಮಿನಲ್ಲಿ ಶುರು ಮಾಡಿದ್ದಾಳೆ.